ಖುರ್ಷೀದಮ್ಮನ ಜಾಗ

ಶಟರು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಜಮೀರ್ ಅದರ ಕೆಳಗೆ ನುಸುಳಿ, ಕುಕ್ಕರಗಾಲಲ್ಲಿ ಕೂತು, ಹೆಗಲು ಕೊಟ್ಟು ಮೇಲಕ್ಕೆ ನೂಕಿದ. ತಗಡು ಕಿರ್ರೆಂದಿತೇ ಹೊರತು ಒಂದಿಂಚೂ ಮೇಲೇರಲಿಲ್ಲ.

"ನಿದಾನ ಕಣಪ್ಪಾ, ಅಂಗೇ ಇಡ್ಕೊಂಡಿರು," ಎಂದು ಮುನಿಆಂಜಿನಪ್ಪ ತನ್ನ ಹೋಟೆಲಿನಿಂದ ತಂದ ಅಡುಗೆ ಎಣ್ಣೆಯನ್ನು ಎರಡೂ ಕಡೆಯ ಪಟ್ಟಿಗಳಿಗೆ ಸುರಿದ. "ನಾಕು ವರ್ಸ ಆಯ್ತು ಇದನ್ನ ಎತ್ತಿ. ಪೂರ್ತಿ ತುಕ್ಕು ಇಡ್ದೈತೆ."

"ಇಲ್ಲಿಂದ್ಲೇ ಆಗ್ಬೇಕಾ ಮಾಮಾ? ಪಕ್ಕದ ಬಾಗ್ಲಲ್ಲಿ ಆಗಲ್ವಾ?"

"ಆ ಸಂದೀಲಿ ಮಂಚ ತಿರುಗಾಕಿಲ್ಲ. ನಿಮ್ಮಪ್ಪನ್ನೂ ಇಂಗೇ ತಂದಿದ್ದು."

ಇಬ್ಬರೂ ಒಟ್ಟಿಗೆ ಉಸಿರು ಬಿಗಿಹಿಡಿದು ನೂಕಿದರು. ಶಟರು ಒಮ್ಮೆಲೇ ಸಡಿಲಗೊಂಡು ದಡಾರನೆ ಮೇಲಕ್ಕೆ ಹೋಯಿತು. ಕತ್ತಲೆಯ ಅಂಗಡಿಯೊಳಕ್ಕೆ ರಸ್ತೆಯ ಬೆಳಕು, ರಸ್ತೆಯ ಸದ್ದು ಎರಡೂ ನುಗ್ಗಿದವು. ಮೂಲೆಯಲ್ಲಿ ಮಡಿಸಿಟ್ಟ ಹಳೆಯ ಟಾರ್ಪಾಲುಗಳ ಮೇಲೆ ಇಲಿಹಿಕ್ಕೆ ಬಿದ್ದಿತ್ತು. ಗೋಡೆಯ ಮೊಳೆಗೆ ನೇತುಹಾಕಿದ್ದ ಹುರಿಯ ಉಂಡೆಗಳು ಗಾಳಿಗೆ ಅಲ್ಲಾಡಿದವು. ಒಳಕೋಣೆಯ ಪರದೆಯ ಹಿಂದಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಮಯ್ಯತ್ತಿಗೆ, ತೀರಿಕೊಂಡವರ ದೇಹಕ್ಕೆ, ಸ್ನಾನ ಮಾಡಿಸಲೆಂದು ಬಾಗಲೂರಿನಿಂದ ಬಂದಿದ್ದ ಮೆಹಬೂಬ್ ಬೀ ಅಲ್ಲಿದ್ದಳು.

ಖುರ್ಷೀದಮ್ಮನ ಜೀವ ಎಷ್ಟು ಹೊತ್ತಿಗೆ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ಬೆಳಿಗ್ಗೆ ಆರೂವರೆಗೆ ಮುನಿಆಂಜಿನಪ್ಪ ಎಂದಿನಂತೆ ಟೀ ತಂದು ಬಾಗಿಲು ತಟ್ಟಿದಾಗ ಉತ್ತರ ಬರಲಿಲ್ಲ. ತಳ್ಳಿ ನೋಡಿದರೆ ಆಕೆ ನಮಾಜಿನ ಚಾಪೆಯ ಮೇಲೆ ಒಂದು ಮಗ್ಗುಲಿಗೆ ಒರಗಿದ್ದಳು. ಅರವತ್ತಾರು ವರ್ಷ. ಮಗ ಜಮೀರ್ ತಣಿಸಂದ್ರದಲ್ಲಿ ಎ.ಸಿ. ರಿಪೇರಿ ಅಂಗಡಿ ಇಟ್ಟಿದ್ದ. ಮಗಳು ಲುಬ್ನಾಳನ್ನು ಆರ್.ಟಿ. ನಗರಕ್ಕೆ ಕೊಟ್ಟಿತ್ತು. ಇಬ್ಬರಿಗೂ ಫೋನು ಮಾಡಿದವನು ಮುನಿಆಂಜಿನಪ್ಪನೇ. ಮಾಡಲು ಬೇರೆ ಯಾರೂ ಇರಲಿಲ್ಲ. ಹುಣಸಮಾರನಹಳ್ಳಿ ದಾಟಿ ಹೆದ್ದಾರಿಗೆ ಅಂಟಿಕೊಂಡಿದ್ದ ಹಳೇ ಚೆಕ್‌ಪೋಸ್ಟ್ ಎಂಬ ಆ ಊರಿನಲ್ಲಿ ಮೂವತ್ತನಾಲ್ಕು ಶಟರುಗಳಿದ್ದವು. ಮನುಷ್ಯರು ಇದ್ದದ್ದು ಇಬ್ಬರೇ. ಇವತ್ತಿನಿಂದ ಒಬ್ಬ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಣಿಸಂದ್ರದಿಂದ ಒಂದು ಆಂಬುಲೆನ್ಸಿನಲ್ಲಿ ಹತ್ತು ಹನ್ನೆರಡು ಜನ ಬಂದು ಮುಚ್ಚಿದ ಅಂಗಡಿಗಳ ಜಗಲಿಗಳ ಮೇಲೆ ಕೂತರು. ಲುಬ್ನಾ ಒಳಗಿನಿಂದ ಬಂದವಳೇ ಅಣ್ಣನನ್ನು ಹಿಡಿದು ನಿಲ್ಲಿಸಿದಳು. ಮೊದಲು ಮನೆಮಾತಿನಲ್ಲಿ, ದಖ್ಖನಿಯಲ್ಲಿ, ದನಿ ತಗ್ಗಿಸಿ ಜಗಳವಾಡಿದರು. ಆಮೇಲೆ ಮುನಿಆಂಜಿನಪ್ಪನಿಗೂ ಕೇಳಲಿ ಎಂಬಂತೆ ಲುಬ್ನಾ ಕನ್ನಡಕ್ಕೆ ತಿರುಗಿದಳು.

"ಮಾಮಾ, ನೀವೇ ಹೇಳಿ. ತಣಿಸಂದ್ರದಲ್ಲಿ ಗೋರಿ ತೋಡಿಸಿಬಿಟ್ಟಿದಾನಂತೆ. ನನ್ನ ಒಂದ್ ಮಾತು ಕೇಳಿಲ್ಲ. ಅಬ್ಬಾ ಇಲ್ಲಿದ್ದಾರೆ, ಎದುರಿಗೆ! ಅಮ್ಮಿನ ತಗೊಂಡ್ಹೋಗಿ ಅಲ್ಯಾರೋ ಗೊತ್ತಿಲ್ಲದೋರ ಮಧ್ಯ ಮಲಗಿಸ್ತಾನಂತೆ."

"ಅಲ್ಲಿ ಕಾಂಪೌಂಡ್ ಇದೆ, ಲೈಟಿದೆ, ಕಾಗದ ಇದೆ," ಎಂದ ಜಮೀರ್. "ಇಲ್ಲೇನಿದೆ ಲುಬ್ನಾ? ಆ ಕಂಬ ನೋಡು." ಅಂಗಡಿಯ ಕಂಬದ ಮೇಲೆ ಹಳದಿ ಬಣ್ಣದಲ್ಲಿ ಒಂದು ನಂಬರು, ಕೆಳಗೊಂದು ಬಾಣ. "ಹೋದ ತಿಂಗ್ಳು ಬರೆದು ಹೋಗಿದಾರೆ. ಇನ್ನೂ ಅಗಲ ಮಾಡ್ತಾರೆ ರೋಡು. ಎರಡು ವರ್ಷಕ್ಕೋ ಮೂರು ವರ್ಷಕ್ಕೋ. ಆಮೇಲೆ ಅಮ್ಮಿನ ಎಲ್ಲಿ ಹುಡುಕ್ತೀಯ?"

"ಅಬ್ಬಾ ಪಕ್ಕ ಇರ್ತಾರೆ. ಇಬ್ರೂ ಒಟ್ಟಿಗೇ ಇರ್ತಾರೆ."

ಮುನಿಆಂಜಿನಪ್ಪ ಎಣ್ಣೆಯ ಕೈಯನ್ನು ಹೆಗಲ ಟವೆಲಿಗೆ ಒರೆಸಿಕೊಳ್ಳುತ್ತಲೇ ಇದ್ದ. ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದ.

*

ಅಕ್ಬರ್ ಪಾಷಾ ಹೊಸ ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೆ ಬಂದಾಗ ರಸ್ತೆ ಎರಡು ಲಾರಿಯಷ್ಟೇ ಅಗಲವಿತ್ತು. ಅಡ್ಡಕ್ಕೆ ಕೆಂಪು ಬಿಳಿ ಬಣ್ಣ ಬಳಿದ ಒಂದು ಮರದ ದೂಲ. ಬಳ್ಳಾರಿ, ಅನಂತಪುರ, ಹೈದರಾಬಾದಿನ ಕಡೆಯಿಂದ ಬಂದ ಲಾರಿಗಳೆಲ್ಲ ಕಾಗದ ತೋರಿಸಲು ಅಲ್ಲಿ ನಿಲ್ಲಲೇಬೇಕು. ಒಂದು ಗಂಟೆ ನಿಂತದ್ದೂ ಉಂಟು, ಒಂದಿಡೀ ದಿನ ನಿಂತದ್ದೂ ಉಂಟು. ನಿಂತ ಲಾರಿಯವರಿಗೆ ಹಸಿವಾಗುತ್ತದೆ, ನಿಂತ ಲಾರಿಯ ಟೈರಿನಲ್ಲಿ ಮೊಳೆ ಕಾಣುತ್ತದೆ, ಟಾರ್ಪಾಲಿನ ಹರಕು ಕಣ್ಣಿಗೆ ಬೀಳುತ್ತದೆ. ಹಾಗೆ ಹುಟ್ಟಿದ ಊರು ಅದು. ಮುನಿಆಂಜಿನಪ್ಪನ ಮುದ್ದೆ ಹೋಟೆಲು, ಪಂಕ್ಚರ್ ಅಂಗಡಿಗಳು, ಕ್ಷೌರದಂಗಡಿ, ಡ್ರೈವರುಗಳು ಸೇರಿ ಕಟ್ಟಿದ ಪುಟ್ಟ ಮಸೀದಿ, ಅದರ ಪಕ್ಕದಲ್ಲೇ ಆಂಜನೇಯನ ಗುಡಿ.

ಪಾಷಾ ಲಾರಿಯ ಮೇಲೆ ಹತ್ತಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುತ್ತಿದ್ದ. ಖುರ್ಷೀದ್ ಕೆಳಗೆ ಕೂತು ಹರಿದದ್ದನ್ನು ಹೊಲಿಯುತ್ತಿದ್ದಳು. ಗೇಣುದ್ದದ ದಬ್ಬಳ, ಮೇಣ ಹಚ್ಚಿದ ಹುರಿ. ಮದುವೆಯಾದ ಮೂರು ವರ್ಷಕ್ಕೆ ಆಕೆಯ ಬಲಗೈ ಹೆಬ್ಬೆರಳು ಕಲ್ಲಿನಷ್ಟು ಗಟ್ಟಿಯಾಯಿತು. "ಅಮ್ಮಾ, ನೀನು ಹೊಲ್ದಿದ್ದು ಹಂಪಿ ಬಿಸಿಲಿಗೂ ಬಿಡಲಿಲ್ಲ ನೋಡು" ಎಂದು ಡ್ರೈವರುಗಳು ದೂರದಿಂದಲೇ ಕೂಗಿ ಹೇಳಿಹೋಗುತ್ತಿದ್ದರು. ಆಕೆ ತಲೆ ಎತ್ತುತ್ತಿರಲಿಲ್ಲ. ಆದರೆ ಆ ಲಾರಿ ಯಾವುದು, ಯಾವ ಮೂಲೆಯಲ್ಲಿ ಹೊಲಿಗೆ ಹಾಕಿದ್ದೆ ಎಂಬುದು ಆಕೆಗೆ ನೆನಪಿರುತ್ತಿತ್ತು.

ರಸ್ತೆಯಾಚೆ ಹೊಂಗೆ ಮರದ ಕೆಳಗಿನ ಬೀಳು ಜಾಗ ಕಬ್ರಸ್ತಾನವಾದದ್ದು ಒಬ್ಬ ಡ್ರೈವರಿನಿಂದ. ಕಾಗದಕ್ಕಾಗಿ ಕಾಯುತ್ತ ಕ್ಯಾಬಿನ್ನಿನಲ್ಲಿ ಮಲಗಿದವನು ಎದ್ದಿರಲಿಲ್ಲ. ಜೊತೆಗಿದ್ದವನು ಹೆದರಿ ಓಡಿಹೋಗಿದ್ದ. ತೋಳಿನ ತಾಯಿತ ನೋಡಿ ಮುಸಲ್ಮಾನನೆಂದು ತಿಳಿಯಿತು, ಹೆಸರು ತಿಳಿಯಲಿಲ್ಲ. ಎರಡು ದಿನ ಕಾದು ಪಾಷಾನೇ ಮುಂದೆ ನಿಂತು ಮಣ್ಣು ಮಾಡಿದ. ಅದು ಮೊದಲನೆಯ ಗೋರಿ. ಆಮೇಲೆ ಊರಿನವರದೂ ಸೇರಿ ಹನ್ನೆರಡಾದವು. ಹನ್ನೆರಡನೆಯದು ಪಾಷಾನದು. ಒಂದು ಜೂನ್ ತಿಂಗಳಲ್ಲಿ ಲಾರಿಯ ಮೇಲೆ ನಿಂತು ಹಗ್ಗ ಜಗ್ಗುವಾಗ ಹಗ್ಗ ತುಂಡಾಯಿತು. ಬೆನ್ನು ಕೆಳಗಾಗಿ ಡಾಂಬರಿನ ಮೇಲೆ ಬಿದ್ದ. ಖುರ್ಷೀದ್ ದಬ್ಬಳ ಹಿಡಿದುಕೊಂಡೇ ಎದ್ದು ಓಡಿದ್ದಳು.

ಅದಾದ ಎರಡು ವರ್ಷಕ್ಕೆ ರಸ್ತೆ ಅಗಲವಾಯಿತು. ನಡುವೆ ಕಬ್ಬಿಣದ ಬೇಲಿ ಬಂತು. ಲಾರಿ ನಿಲ್ಲುವ ಜಾಗ ಇಲ್ಲವಾಯಿತು. ಕೆಲವು ವರ್ಷ ಕಳೆದು ಚೆಕ್‌ಪೋಸ್ಟನ್ನೇ ತೆಗೆದುಹಾಕಿದರು. ದೂಲವನ್ನು ಯಾರೋ ಸೌದೆಗೆ ಒಯ್ದರು. ಶಟರುಗಳು ಒಂದೊಂದಾಗಿ ಕೆಳಗಿಳಿದವು. ಮಸೀದಿಯಲ್ಲಿ ಬಾಂಗು ನಿಂತಿತು. ಆಂಜನೇಯನಿಗೆ ಶನಿವಾರ ಮಾತ್ರ ದೀಪ, ಅದೂ ಮುನಿಆಂಜಿನಪ್ಪ ಹಚ್ಚಿದರೆ. ಮಕ್ಕಳು ಎಷ್ಟು ಕರೆದರೂ ಖುರ್ಷೀದಮ್ಮ ಜಗಲಿ ಬಿಟ್ಟು ಏಳಲಿಲ್ಲ. ಹೊಲಿಯಲು ಏನೂ ಇಲ್ಲದ ದಿನಗಳಲ್ಲೂ ರಸ್ತೆಗೆ ಮುಖಮಾಡಿ ಕೂತೇ ಇರುತ್ತಿದ್ದಳು.

*

"ಲುಬ್ನಮ್ಮಾ," ಎಂದ ಮುನಿಆಂಜಿನಪ್ಪ. "ಜಮೀರಾ, ನೀನೂ ಬಾ. ವಸಿ ಒಳೀಕೆ ಬನ್ನಿ ಇಬ್ರೂ."

ಟಾರ್ಪಾಲುಗಳ ಪಕ್ಕದಲ್ಲಿ ಮೂವರೂ ನಿಂತರು. ಹೇಳಬೇಕಾದ ಮಾತನ್ನು ಆತ ಬೆಳಿಗ್ಗೆಯಿಂದ ಎಷ್ಟೋ ಸಲ ಬಾಯೊಳಗೇ ಆಡಿಕೊಂಡಿದ್ದ. ಈಗ ಅದು ತಲೆಕೆಳಗಾಗಿ ಬಂತು.

"ಆ ಕಲ್ಲಿನ ಕೆಳ್ಗೆ ನಿಮ್ಮಪ್ಪ ಇಲ್ಲ."

ಇಬ್ಬರೂ ಅರ್ಥವಾಗದೆ ನೋಡಿದರು.

"ಈದ್ ಹಬ್ಬದಾಗೆ ನೀವು ಹೂವ ಆಕ್ತೀರಲ್ಲ, ಆ ಕಲ್ಲು. ಅದರ ಕೆಳ್ಗಿರೋನು ಮೊದಲ್ನೇ ಡ್ರೈವರು. ಎಸರು ಗೊತ್ತಿಲ್ಲದೋನು. ಕಲ್ಲು ಮಾತ್ರ ನಿಮ್ಮಪ್ಪಂದು. ನಾನೂ ನಿಮ್ಮಮ್ಮನೂ ಒತ್ಕೊಂಡೋಗಿ ಇಟ್ಟಿದ್ದು."

"ಮತ್ತೆ ಅಬ್ಬಾ?" ಎಂದಳು ಲುಬ್ನಾ.

ಆತ ಹೊರಗೆ ಕೈ ತೋರಿಸಿದ. ಆರು ಸಾಲು ವಾಹನಗಳ ಆಚೆ, ಏರ್‌ಪೋರ್ಟಿಗೆ ಹೋಗಿಬರುವ ಬಸ್ಸುಗಳು ಓಡುವ ಅಂಚಿನ ಸಾಲು. "ಅಲ್ಲಿ. ರೋಡಿನ ಕೆಳ್ಗೆ. ಹೊಂಗೆ ಮರದ ನೇರಕ್ಕೆ."

ಜಮೀರ್ ಆತನ ಅಂಗಿಯ ಎದೆಯನ್ನು ಹಿಡಿದ. "ಏನ್ ಹೇಳ್ತಿದೀರಾ ಮಾಮಾ? ಹದಿಮೂರು ವರ್ಷ! ಯಾಕ್ ಹೇಳಿಲ್ಲ?"

"ನಿನಗೇನಾಯ್ತದೋ ಅಂಬೋ ಬಯಕ್ಕೆ ಕಣಪ್ಪಾ."

ಮುನಿಆಂಜಿನಪ್ಪ ಬಿಡಿಸಿಕೊಳ್ಳಲು ನೋಡಲಿಲ್ಲ. "ರೋಡ್ ಅಳತೆಗೆ ಬಂದೋರಿಗೆ ಕಲ್ಲು ಬೀಸಿ ಸ್ಟೇಸನ್ನಾಗೆ ಎರಡು ದಿನ ಇದ್ದಲ್ಲ ನೀನು, ಗ್ಯಾಪಕ ಐತಾ? ಆಚೆಗ್ ಬಂದ್ಮೇಲೆ ನಿಮ್ಮಮ್ಮ ನಿನ್ನ ಕೋಲಾರಕ್ಕೆ ಕರ್ಕೊಂಡೋಗಿದ್ದು ಯಾಕೆ?"

"ಖಾಲಾ ಮನೇಲಿ ಮದ್ವೆ ಅಂತ..." ಜಮೀರನ ಕೈ ಸಡಿಲವಾಯಿತು. ಕೋಲಾರದಲ್ಲಿ ಯಾರದೂ ಮದುವೆ ಇರಲಿಲ್ಲ. ಹತ್ತೊಂಬತ್ತರ ಆತನನ್ನು, ಜೊತೆಗೆ ಲುಬ್ನಾಳನ್ನೂ, ತನ್ನ ತಂಗಿಯ ಮನೆಯಲ್ಲಿ ಬಿಟ್ಟು, ಒಂದು ತಿಂಗಳು ಕಳಿಸಬೇಡ ಎಂದು ಕಾಲು ಹಿಡಿದು, ತಾಯಿ ಒಬ್ಬಳೇ ವಾಪಸು ಬಂದಿದ್ದಳು.

*

ಆಕೆ ಹೋಗಿಬಂದದ್ದು ನಾಲ್ಕೇ ದಿನ. ಐದನೆಯ ದಿನ ಬೆಳಿಗ್ಗೆ ಬಸ್ಸಿಳಿದು ನೋಡಿದರೆ ಕಬ್ರಸ್ತಾನದ ಮುಂಭಾಗ ಇರಲಿಲ್ಲ. ನಾಲ್ಕು ಗೋರಿಗಳಿದ್ದ ಕಡೆ ಎದೆಯೆತ್ತರಕ್ಕೆ ಗರಸು ಸುರಿದು, ರೋಲರ್ ಓಡಿಸಿ, ಹಲಗೆಯ ಹಾಗೆ ಮಾಡಿದ್ದರು. ಪಾಷಾನ ಕಲ್ಲು ಹೊಂಗೆ ಮರಕ್ಕೆ ಒರಗಿತ್ತು. ಜಾಗಕ್ಕೆ ಕಾಗದವಿರಲಿಲ್ಲ. ಕೇಳುವವರು ಬರಲಿ ಎಂದು ಯಾರೂ ಕಾದಿರಲಿಲ್ಲ.

ಮುನಿಆಂಜಿನಪ್ಪ ಹೋಟೆಲಿನ ಬಾಗಿಲಲ್ಲಿ ನಿಂತಿದ್ದ. ಆ ನಾಲ್ಕು ದಿನವೂ ಆತ ರಸ್ತೆ ಕೆಲಸದವರಿಗೆ ಎರಡು ಹೊತ್ತು ಮುದ್ದೆ ಬಡಿಸಿದ್ದ. ಗರಸಿನ ಮೊದಲ ಲಾರಿ ಅಲ್ಲಿಗೆ ತಿರುಗಿದಾಗ ಕೈಯಲ್ಲಿ ಸಾರಿನ ಸೌಟಿತ್ತು. ಸೌಟು ಕೆಳಗಿಟ್ಟು ಓಡಿಹೋಗಬೇಕೆಂದುಕೊಂಡ. ಎಲೆಗಳ ಮುಂದೆ ಇಪ್ಪತ್ತು ಜನ ಕಾಯುತ್ತಿದ್ದರು. ಬಡಿಸಿ ಮುಗಿಸುವಷ್ಟರಲ್ಲಿ ಮೂರನೆಯ ಲಾರಿ ಬಂದಿತ್ತು.

ಖುರ್ಷೀದಮ್ಮ ಆತನನ್ನು ದಾಟಿ ನಡೆದಳು. ಮನೆಯೊಳಗೆ ಹೋಗಿ ಗಡಾರಿ ತಂದು ರಸ್ತೆ ದಾಟಿದಳು. ಮರದಿಂದ ಹೆಜ್ಜೆ ಎಣಿಸಿ, ಒಂದು ಕಡೆ ನಿಂತು, ಅಗೆಯತೊಡಗಿದಳು. ಆತನೂ ಗುದ್ದಲಿ ತಂದು ಜೊತೆಗೂಡಿದ. ರೋಲರ್ ಓಡಿಸುವ ಸಿದ್ದಲಿಂಗ ಎಂಬಾತ ಬಂದು ನೋಡಿ, ವಿಷಯ ಕೇಳಿ, ಗಾಡಿಯನ್ನು ದೂರದಲ್ಲೇ ಆರಿಸಿದ.

"ಅವ್ವಾ, ಮಧ್ಯಾಹ್ನದ ತನಕ ನಿಲ್ಲಸ್ತೀನಿ. ಸಾಹೇಬ್ರು ಬಂದ್ರ ನನ್ನ ಕೈಯಾಗ ಇರೂದಿಲ್ಲ."

ಗರಸು ಕಬ್ಬಿಣದಂತೆ ಕೂತಿತ್ತು. ಗಡಾರಿ ಬಿದ್ದಲ್ಲಿ ಕಿಡಿ ಹಾರುತ್ತಿತ್ತು. ಆಕೆಯ ಅಂಗೈಯ ಬೊಬ್ಬೆಗಳು ಒಡೆದು ಗಡಾರಿ ಜಾರತೊಡಗಿದಾಗ ಸೆರಗು ಹರಿದು ಸುತ್ತಿಕೊಂಡಳು. ಒಂದು ಗಂಟೆಯ ಹೊತ್ತಿಗೆ ಸಿದ್ದಲಿಂಗ ತಾನೂ ಕೆಳಗಿಳಿದು ಅಗೆದ. ಎರಡೂವರೆ ಅಡಿ ಹೋದರು. ಗೋರಿಯ ಮಣ್ಣು ಇನ್ನೂ ಅಷ್ಟೇ ಕೆಳಗಿತ್ತು. ಅದರ ಕೆಳಗೆ ಮತ್ತೆ ಒಂದಾಳು ಆಳ.

ಎರಡು ಗಂಟೆಗೆ ದೂಳೆಬ್ಬಿಸಿಕೊಂಡು ಜೀಪು ಬಂತು. ಸಿದ್ದಲಿಂಗ ಮುಖ ತಿರುಗಿಸಿಕೊಂಡು ಗಾಡಿ ಹತ್ತಿದ. ಖುರ್ಷೀದಮ್ಮ ಗುಂಡಿಯಲ್ಲೇ ಸ್ವಲ್ಪ ಹೊತ್ತು ಕೂತು ನೆಲಕ್ಕೆ ಅಂಗೈ ಒತ್ತಿಕೊಂಡಳು. ಆಮೇಲೆ ತಾನೇ ಎದ್ದು ಮೇಲೆ ಬಂದಳು.

"ಮುನಿಯಣ್ಣಾ, ಕಲ್ಲು ಹಿಡ್ಕೋ."

"ಎಲ್ಲಿಗಮ್ಮಾ?"

"ಉಳಿದಿರೋದ್ರಲ್ಲಿ ಹೆಸರಿಲ್ಲದೋನ ಮೇಲೆ ಇಡೋಣ. ಜಮೀರ್ ಕೇಳಿದ್ರೆ ಗೋರಿನೇ ಹಿಂದಕ್ಕೆ ತಂದಿಟ್ರು ಅಂತೀನಿ. ಅವನಿಗೆ ತಿಳಿದ್ರೆ ಯಾರನ್ನಾದ್ರೂ ಹೊಡೀತಾನೆ, ಇಲ್ಲಾ ತಾನೇ ಸಾಯ್ತಾನೆ. ಗಂಡ ಹೋದ. ಮಗ ಇರ್ಲಿ."

*

ಪರದೆಯ ಆಚೆ ನೀರಿನ ಸದ್ದು ನಿಂತಿತ್ತು. ಲುಬ್ನಾ ಗೋಡೆಗೆ ಒರಗಿ ಕೆಳಗೆ ಕೂತಿದ್ದಳು.

"ನನ್ನ ಮದ್ವೆ ದಿನ ಆ ಕಲ್ಲಿನ ಹತ್ರ ಹೋಗಿ ಅತ್ತಿದ್ದೆ ಮಾಮಾ. 'ಅಬ್ಬಾ, ಹೋಗ್ಬರ್ತೀನಿ' ಅಂತ ಹೇಳ್ದೆ. ಅಮ್ಮಿ ಪಕ್ಕದಲ್ಲೇ ನಿಂತಿದ್ರು. ಒಂದ್ ಮಾತಾಡ್ಲಿಲ್ಲ. ಹದಿಮೂರು ವರ್ಷ ನಾನು ಯಾರಿಗೆ ಫಾತಿಹಾ ಓದಿದೆ?"

"ಅವನಿಗೂ ಯಾರೂ ಓದೋರಿರ್ಲಿಲ್ಲ ಕಣಮ್ಮ," ಎಂದ ಮುನಿಆಂಜಿನಪ್ಪ. ಸಮಾಧಾನಕ್ಕೆ ಆಡಿದ ಆ ಮಾತು ಆಡಿದ ಮೇಲೆ ಆತನಿಗೇ ಕೆಟ್ಟದಾಗಿ ಕೇಳಿಸಿತು.

ಜಮೀರ್ ರಸ್ತೆಯನ್ನೇ ನೋಡುತ್ತಿದ್ದ. ಒಂದು ಬಸ್ಸು ಹೋಯಿತು, ಅದರ ಹಿಂದೆ ನಾಲ್ಕು ಕಾರು, ಒಂದು ಕಾಂಕ್ರೀಟ್ ಲಾರಿ. ತಾನು ಆ ರಸ್ತೆಯಲ್ಲಿ ಎಷ್ಟು ಸಲ ಬೈಕಿನಲ್ಲಿ ಬಂದುಹೋಗಿರಬಹುದೆಂದು ಆತ ಲೆಕ್ಕ ಹಾಕುತ್ತಿರುವಂತೆ ಕಂಡಿತು.

"ಈಗ್ ಯಾಕ್ ಹೇಳಿದ್ರಿ?" ಎಂದು ಕೊನೆಗೆ ಕೇಳಿದ. "ಹೇಳ್ದೇ ಇರ್ಬೋದಿತ್ತಲ್ಲ."

"ಆಯಮ್ಮನೇ ಯೋಳಿದ್ದು. ಹೋದ ಸ್ರಾವಣದಾಗೆ ಜರ ಬಂದಾಗ. 'ನಾನು ಇರೋಗಂಟ ಬ್ಯಾಡ, ನಾನು ಸತ್ಮೇಲೆ ಮಕ್ಳಿಗೆ ಯೋಳು. ಕಲ್ಲಿನ ಪಕ್ಕ ಬ್ಯಾಡ, ರೋಡಿನ ಅಂಚಿಗೆ ಇಡಿ, ಮೋರಿ ಪಕ್ಕ. ಎಷ್ಟು ಅತ್ರ ಆಯ್ತದೋ ಅಷ್ಟು.' ಇಷ್ಟೇ. ಇನ್ನ ನಿಮ್ಮಿಷ್ಟ."

"ಅಂಚಿಗಿಟ್ರೆ ಮೊದ್ಲು ಅದೇ ಹೋಗುತ್ತೆ ಮಾಮಾ! ಮುಂದಿನ್ ಸಲ ಅಗಲ ಮಾಡಿದ್ರೆ ಅಮ್ಮಿನೂ ರೋಡಿನ ಕೆಳಗೆ!" ಎಂದ ಜಮೀರ್. "ಗೊತ್ತಿದ್ದೂ ಗೊತ್ತಿದ್ದೂ ನಾನೇ ಹಾಕ್ಲಾ?"

ಮೆಹಬೂಬ್ ಬೀ ಪರದೆ ಸರಿಸಿ, "ಕಫನ್ ಆಯ್ತು. ಮುಖ ನೋಡೋರು ಬನ್ನಿ," ಎಂದಳು.

ಲುಬ್ನಾ ಏಳಲಿಲ್ಲ. ಮೆಹಬೂಬ್ ಬೀ ಎರಡನೆಯ ಸಲ ಕರೆದಳು. ಆಗ ಎದ್ದು ಒಳಗೆ ಹೋಗಿ ಬಿಳಿಯ ಬಟ್ಟೆಯ ನಡುವಿನ ಆ ಸಣ್ಣ ಮುಖವನ್ನು ನೋಡಿದಳು. "ಎಷ್ಟೊಂದು ಸುಳ್ಳು ಹೇಳಿದೆ ಅಮ್ಮೀ," ಎಂದಳು. ಬಹಳ ಸಿಟ್ಟಿನಿಂದಲೇ ಅಂದಳು. ಆಮೇಲೆ ಆ ಹಣೆಯ ಮೇಲೆ ಕೈಯಿಟ್ಟಳು. ತೆಗೆಯಲು ಮೆಹಬೂಬ್ ಬೀಯೇ ಬೆರಳು ಬಿಡಿಸಬೇಕಾಯಿತು.

ಹೊರಗೆ ಬಂದು ಅಣ್ಣನಿಗೆ ದಖ್ಖನಿಯಲ್ಲಿ ಒಂದೇ ಮಾತು ಹೇಳಿದಳು. ಮುನಿಆಂಜಿನಪ್ಪನಿಗೆ ಅದು ತಿಳಿಯಿತು. ಹೋಗುವುದಾದರೆ ಹೋಗಲಿ, ಅಮ್ಮಿಯೂ ಅಬ್ಬಾ ಹೋದಲ್ಲಿಗೇ ಹೋಗುತ್ತಾರೆ.

ಜಮೀರ್ ಫೋನು ತೆಗೆದು ತಣಿಸಂದ್ರಕ್ಕೆ ಹಚ್ಚಿದ. "ಭಾಯ್, ನಾವು ಬರ್ತಿಲ್ಲ... ಇಲ್ಲ, ಇಲ್ಲೇ... ತೋಡಿರೋದು ಹಾಗೇ ಇರ್ಲಿ ಬಿಡಿ. ಯಾರಿಗಾದ್ರೂ ಆಗುತ್ತೆ."

ಮುಚ್ಚಿದ ಮಸೀದಿಯ ಮುಂದೆ ಎರಡು ಸಾಲು ನಿಂತು ಜನಾಜಾ ನಮಾಜ್ ಮುಗಿಸಿದರು. ಮುನಿಆಂಜಿನಪ್ಪ ಹಿಂದೆ ಕೈಮುಗಿದು ನಿಂತಿದ್ದ. ಎದುರಿಗೆ ಕಾಣುವ ಜಾಗಕ್ಕೆ ಹೋಗಲು ಆಂಬುಲೆನ್ಸು ಮೂರು ಕಿಲೋಮೀಟರು ಮುಂದೆ ಹೋಗಿ, ತಿರುಗಿ, ಮತ್ತೆ ಅಷ್ಟೇ ಹಿಂದೆ ಬರಬೇಕಿತ್ತು. ಮಣ್ಣು ಮಾಡುವಾಗ ಹೆಂಗಸರು ಹೋಗುವ ರೂಢಿಯಿಲ್ಲದ್ದರಿಂದ ಲುಬ್ನಾ ಜಗಲಿಯ ಮೇಲೆ, ತಾಯಿ ಕೂರುತ್ತಿದ್ದ ಕಡೆ ಕೂತಳು.

ಬಾಗಲೂರಿನಿಂದ ಬಂದಿದ್ದ ಇಬ್ಬರು ಮೋರಿಯ ಪಕ್ಕದಲ್ಲಿ ಅಗೆಯಲು ಹೊರಟು ಒಂದಡಿಗೇ ನಿಂತರು. ಬರೀ ಜಲ್ಲಿ, ಹಳೆಯ ಗರಸು. "ಆ ಕಡೆ ಮೆತ್ತಗಿದೆ ಸಾರ್, ಆ ಕಲ್ಲಿನ ಪಕ್ಕ ತೋಡೋಣ್ವಾ?" ಎಂದು ಒಬ್ಬ ಕೇಳಿದ. ಜಮೀರ್ ಅಂಗಿ ಕಳಚಿಟ್ಟು ಆತನ ಕೈಯಿಂದ ಗಡಾರಿ ಇಸಿದುಕೊಂಡು ಗುಂಡಿಗಿಳಿದ. ಸರದಿಯ ಮೇಲೆ ಅಗೆಯುತ್ತ ಸಂಜೆ ನಾಲ್ಕಾಯಿತು.

ಆಗ ರಸ್ತೆ ಕಾಯುವ ಬಿಳಿಯ ಗಾಡಿಯೊಂದು ಅಂಚಿಗೆ ಬಂದು ನಿಂತಿತು. ಹಸಿರು ಜಾಕೆಟ್ಟಿನವನೊಬ್ಬ ಇಳಿದ.

"ಏನ್ರೀ ಇದು? ಹೈವೇ ಜಾಗ ಕಣ್ರೀ. ಇಲ್ಲಿ ಅಗೆಯೋ ಹಾಗಿಲ್ಲ. ಮುಚ್ರೀ ಮೊದ್ಲು."

ಜಮೀರ್ ಗಡಾರಿ ಹಿಡಿದು ಮೇಲೆ ಬಂದ. ತಾಯಿ ಹದಿಮೂರು ವರ್ಷ ಯಾವುದನ್ನು ತಪ್ಪಿಸಿದ್ದಳೋ ಅದು ಅವಳನ್ನು ಮಣ್ಣು ಮಾಡುವ ದಿನವೇ ಆಗಿಬಿಡುತ್ತದೆ ಎಂದುಕೊಂಡು ಮುನಿಆಂಜಿನಪ್ಪ ನಡುವೆ ಹೋಗಲು ಕಾಲೆತ್ತಿದ.

ಜಮೀರ್ ಗಡಾರಿಯನ್ನು ನೆಲಕ್ಕೆ ಹಾಕಿದ. "ನಿಮ್ಮ ಗಾಡಿ ನಿಂತಿದೆಯಲ್ಲ ಸರ್," ಎಂದ, "ಅದರ ಕೆಳಗೆ ನಮ್ಮಪ್ಪ ಇದ್ದಾರೆ. ಇದು ನಮ್ಮಮ್ಮಂಗೆ. ಆರಡಿ ಸಾಕು. ಕಾಲಿಗೆ ಬೀಳ್ತೀನಿ."

ಬೀಳಲೂ ಬಾಗಿದ. ಆ ಮನುಷ್ಯ ಎರಡು ಹೆಜ್ಜೆ ಹಿಂದಕ್ಕೆ ಸರಿದು ಗಾಡಿಯ ಚಕ್ರ ನೋಡಿದ, ಗುಂಡಿ ನೋಡಿದ, ಆಂಬುಲೆನ್ಸಿನ ತೆರೆದ ಬಾಗಿಲು ನೋಡಿದ. "ಐದು ಗಂಟೆಗೆ ನಮ್ಮ ಇನ್ನೊಂದು ಗಾಡಿ ಬರುತ್ತೆ," ಎಂದ. "ಅಷ್ಟರಲ್ಲಿ ಮುಗಿಸಿಬಿಡಿ. ನಾನು ನೋಡಿಲ್ಲ." ಗಾಡಿಯನ್ನು ಬಹಳ ನಿಧಾನವಾಗಿ ಅಲ್ಲಿಂದ ಸರಿಸಿಕೊಂಡು ಹೋದ.

ಐದಕ್ಕೆ ಹತ್ತು ನಿಮಿಷವಿರುವಾಗ ಖುರ್ಷೀದಮ್ಮನನ್ನು ಇಳಿಸಿದರು. ಹಲಗೆ ಜೋಡಿಸಿದರು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಮುನಿಆಂಜಿನಪ್ಪನೂ ಹಾಕಿದ. ಜಮೀರನ ಫೋನು ಸದ್ದು ಮಾಡಿತು. ರಸ್ತೆಯಾಚೆಯಿಂದ ಲುಬ್ನಾ.

"ಲಾರಿ ಅಡ್ಡ ಬರ್ತಿದೆ ಭಾಯ್, ಏನೂ ಕಾಣ್ತಿಲ್ಲ. ಆಯ್ತಾ?"

"ಆಯ್ತು."

"ಅಬ್ಬಾಗೆ ಎಷ್ಟು ದೂರ?"

ಜಮೀರ್ ಅಂಚಿನ ಬಿಳಿಯ ಗೆರೆ ನೋಡಿದ. "ನಾಲ್ಕ್ ಹೆಜ್ಜೆ," ಎಂದ.

ತಣಿಸಂದ್ರದವರು ಒಬ್ಬೊಬ್ಬರಾಗಿ ಆಂಬುಲೆನ್ಸು ಹತ್ತಿದರು. ಮುನಿಆಂಜಿನಪ್ಪ ಕರೆಯಲು ಹಿಂತಿರುಗಿದಾಗ ಜಮೀರ್ ಇನ್ನೂ ಗೋರಿಯ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ. ಸಿಮೆಂಟಿನ ಉದ್ದ ಲಾರಿಯೊಂದು ಹೋಯಿತು. ನೆಲ ಅದುರಿ ದಿಬ್ಬದ ಹಸಿ ಮಣ್ಣು ಒಂದು ಕಡೆಯಿಂದ ಸಣ್ಣಗೆ ಜಾರಿತು. ಜಮೀರ್ ಅದನ್ನು ಅಂಗೈಯಿಂದ ಎತ್ತಿ ಮೇಲೆ ಹಾಕಿ ತಟ್ಟಿದ. ಬಸ್ಸು ಹೋಯಿತು, ಮತ್ತೆ ಜಾರಿತು. ಮತ್ತೆ ಎತ್ತಿ ತಟ್ಟಿದ. ದೂರದಲ್ಲಿ ಇನ್ನೊಂದು ಲಾರಿ ಬರುತ್ತಿತ್ತು. ಆತ ಎರಡೂ ಅಂಗೈಗಳನ್ನು ಮಣ್ಣಿನ ಮೇಲೆ ಅಗಲವಾಗಿ ಚಾಚಿ, ಒತ್ತಿ ಹಿಡಿದು, ಅದು ಬರುವುದನ್ನೇ ಕಾಯುತ್ತಿದ್ದ.